ಎಕ್ಸ್‌ಪೋರ್ಟ್ ಗುಂಡಿ ಒತ್ತುವ ಮುನ್ನ

ಹೆಲ್ಮೆಟ್ಟಿಗೆ, ಹ್ಯಾಂಡಲ್ಲಿಗೆ, ಎದೆಪಟ್ಟಿಗೆ ಸಿಕ್ಕಿಸಿಕೊಳ್ಳುವ ಆ್ಯಕ್ಷನ್ ಕ್ಯಾಮೆರಾಗಳ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಬಹುಪಾಲು ಜನರ ದೂರು ಒಂದೇ: ಕ್ಯಾಮೆರಾದಲ್ಲಿ ಚೆನ್ನಾಗಿದ್ದದ್ದು ಎಡಿಟ್ ಮಾಡಿ ಹೊರತೆಗೆದ ಮೇಲೆ ಕೆಟ್ಟಿತು. ಉದ್ದವಿದ್ದ ಪತ್ರಗಳನ್ನು ಮೊಟಕು ಮಾಡಿದ್ದೇನೆ.

ಪ್ರಶ್ನೆ: ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವುದನ್ನು ಹೆಲ್ಮೆಟ್ ಕ್ಯಾಮೆರಾದಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮ್ ಇಟ್ಟು ತೆಗೆದೆ. ಮೂಲ ಫೈಲ್ ನೋಡಿದರೆ ಎಲೆ ಎಲೆ ಎಣಿಸಬಹುದು. ಎಡಿಟ್ ಮಾಡಿ 4ಕೆಯಲ್ಲೇ ಎಕ್ಸ್‌ಪೋರ್ಟ್ ಮಾಡಿದೆ. ಐದು ನಿಮಿಷದ ವಿಡಿಯೊ 750 ಎಂಬಿ ಆಯಿತು. ಯೂಟ್ಯೂಬ್‌ಗೆ ಹಾಕಿದ ಮೇಲೆ ಕಾಡೆಲ್ಲ ಹಸಿರು ರಾಡಿ, ರಸ್ತೆಯ ಜಲ್ಲಿ ಮಾಯ. ಬೈಕ್ ನಿಲ್ಲಿಸಿದ ಕಡೆ ಮಾತ್ರ ಮತ್ತೆ ಸ್ಪಷ್ಟ. 4ಕೆ ಎಂದರೆ 4ಕೆ ತಾನೇ? ತಪ್ಪಿದ್ದೆಲ್ಲಿ?
ಬೈಕ್ ಸವಾರ, ತೀರ್ಥಹಳ್ಳಿ

ಉತ್ತರ: ಬೈಕ್ ನಿಂತಾಗ ಸ್ಪಷ್ಟ, ಓಡಿದಾಗ ರಾಡಿ ಎಂದಿರಲ್ಲ, ಕಾಯಿಲೆ ಯಾವುದೆಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಲೆನ್ಸೂ ಕೆಟ್ಟಿಲ್ಲ, ಫೋಕಸ್ಸೂ ತಪ್ಪಿಲ್ಲ. ಬಿಟ್‌ರೇಟ್ ಸಾಲದೆ ಹೋಗಿದೆ.

ಸ್ವಲ್ಪ ಲೆಕ್ಕ ಹಾಕೋಣ. 4ಕೆ ಫ್ರೇಮ್ ಒಂದಕ್ಕೆ ಅಡ್ಡಡ್ಡ 3840, ಮೇಲಿಂದ ಕೆಳಕ್ಕೆ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಹತ್ತಿರ ಹತ್ತಿರ 50 ಕೋಟಿ ಪಿಕ್ಸೆಲ್. ಏನೂ ಕುಗ್ಗಿಸದೆ ಇದನ್ನು ಬರೆದಿಡಲು ಸೆಕೆಂಡಿಗೆ ಸುಮಾರು 6,000 ಮೆಗಾಬಿಟ್ ಬೇಕು. ಗೋಪ್ರೊ ಹೀರೊ 8 ಬಂದ 2019ರಿಂದ ಈಚಿನ ಒಳ್ಳೆಯ ಕ್ಯಾಮೆರಾಗಳು ಬರೆಯುವುದು ಸಾಮಾನ್ಯವಾಗಿ 100ರಿಂದ 130 ಮೆಗಾಬಿಟ್. ಅಂದರೆ ಕಾರ್ಡಿಗೆ ಬೀಳುವ ಹೊತ್ತಿಗೇ ಅರುವತ್ತರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಇನ್ನು ನಿಮ್ಮ ಎಕ್ಸ್‌ಪೋರ್ಟ್. ಎಂಬಿಯನ್ನು ಎಂಟರಿಂದ ಗುಣಿಸಿ, ಬಂದದ್ದನ್ನು ಸೆಕೆಂಡುಗಳಿಂದ ಭಾಗಿಸಿದರೆ ಬಿಟ್‌ರೇಟ್ ಸಿಗುತ್ತದೆ. 750 ಎಂಬಿಗೆ 6,000 ಮೆಗಾಬಿಟ್. ಐದು ನಿಮಿಷಕ್ಕೆ 300 ಸೆಕೆಂಡ್. ಅಲ್ಲಿಗೆ ಸೆಕೆಂಡಿಗೆ 20 ಮೆಗಾಬಿಟ್, ಅಂದರೆ 20 ಎಂಬಿಪಿಎಸ್. ಕ್ಯಾಮೆರಾ ಕೊಟ್ಟದ್ದರ ಐದನೇ ಒಂದು ಪಾಲು. ಪಿಕ್ಸೆಲ್‌ಗಳ ಎಣಿಕೆ ಹಾಗೇ ಇದೆ, ಹಾಗಾಗಿ 4ಕೆ ಎಂಬ ಹೆಸರೂ ಉಳಿದಿದೆ. ಆ ಪಿಕ್ಸೆಲ್‌ಗಳ ಒಳಗೆ ತುಂಬಲು ಮಾಹಿತಿ ಮಾತ್ರ ಇಲ್ಲ. ನಿಮ್ಮ ಎಡಿಟಿಂಗ್ ಆ್ಯಪ್ ತನ್ನಷ್ಟಕ್ಕೇ ಆರಿಸಿಕೊಂಡ ಸಂಖ್ಯೆ ಅದು, ನೀವು ಕೇಳಿದ್ದಲ್ಲ.

ಕೂತು ಮಾತಾಡುವವರ ವಿಡಿಯೊಗೆ 20 ಎಂಬಿಪಿಎಸ್ ಧಾರಾಳವಾಯಿತು. ಘಾಟಿಗೆ ಯಾಕೆ ಸಾಲದು? ವಿಡಿಯೊ ಕುಗ್ಗಿಸುವ ಕೋಡೆಕ್, ಎಚ್.264 ಆಗಲಿ ಎಚ್.265 ಆಗಲಿ, ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಆಗೊಂದು ಈಗೊಂದು ಫ್ರೇಮನ್ನು ಪೂರ್ತಿ ಬರೆದು, ನಡುವಿನವುಗಳಿಗೆ 'ಹಿಂದಿನದಕ್ಕಿಂತ ಏನು ಬದಲಾಯಿತು' ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಗೋಡೆಯ ಮುಂದೆ ಕೂತವರಲ್ಲಿ ಬದಲಾಗುವುದು ತುಟಿ, ಕಣ್ಣು, ಕೈ. ಹೆಲ್ಮೆಟ್ ಕ್ಯಾಮೆರಾದಲ್ಲಿ ಬದಲಾಗದೆ ಇರುವುದು ಹೆಚ್ಚುಕಡಿಮೆ ಏನೂ ಇಲ್ಲ. ಎಲೆ, ಹನಿ, ಜಲ್ಲಿ, ಮಂಜು, ಅಂಚಿನ ಹುಲ್ಲು ಎಲ್ಲವೂ ಪ್ರತಿ ಫ್ರೇಮಿನಲ್ಲಿ ಹೊಸದು, ಅದರಲ್ಲೂ ಹುಲ್ಲು ಮತ್ತು ಮಳೆಹನಿಯಂಥ ಸಣ್ಣ ವಿವರಗಳ ಚಲನೆಗೆ ಯಾವ ಕ್ರಮವೂ ಇಲ್ಲ. ಕೊಟ್ಟ ಬಿಟ್‌ಗಳು ಸಾಲದಾದಾಗ ಕೋಡೆಕ್ ಮೊದಲು ಕೈಬಿಡುವುದು ಇಂಥ ಸಣ್ಣ ವಿವರವನ್ನೇ. ಕಾಡು ರಾಡಿಯಾಗುವುದು ಹೀಗೆ. ಬೈಕ್ ನಿಂತ ಕೂಡಲೇ ಬದಲಾವಣೆ ಕಡಿಮೆಯಾಗಿ ಅದೇ 20 ಎಂಬಿಪಿಎಸ್ ಸಾಕಾಗುತ್ತದೆ, ಎಲೆಗಳು ವಾಪಸು ಬರುತ್ತವೆ.

ಇದರ ಮೇಲೆ ಯೂಟ್ಯೂಬ್. ನೀವು ಏನೇ ಕೊಟ್ಟರೂ ಅದು ತನ್ನ ಕಡೆ ಇನ್ನೊಮ್ಮೆ ಕುಗ್ಗಿಸುತ್ತದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೊದಲೇ ರಾಡಿಯಾದದ್ದನ್ನು ಕೊಟ್ಟರೆ ರಾಡಿಯ ಅಂಚುಗಳನ್ನೂ ಅದು ವಿವರವೆಂದೇ ತಿಳಿದು ಅವಕ್ಕೂ ಬಿಟ್ ಸುರಿಯುತ್ತದೆ. ಯೂಟ್ಯೂಬ್ ತಾನೇ ಸೂಚಿಸಿರುವ ಅಪ್‌ಲೋಡ್ ಬಿಟ್‌ರೇಟ್‌ಗಳು ಹೀಗಿವೆ: ಸಾಮಾನ್ಯ ಬಣ್ಣದ 4ಕೆ ವಿಡಿಯೊ 60 ಫ್ರೇಮಿನದಾದರೆ 53ರಿಂದ 68 ಎಂಬಿಪಿಎಸ್, 30 ಫ್ರೇಮಿನದಾದರೆ 35ರಿಂದ 45. 1440ಪಿಗೆ 24 ಮತ್ತು 16. 1080ಪಿಗೆ 12 ಮತ್ತು 8. ಎಲ್ಲ ಬಗೆಯ ವಿಡಿಯೊಗೂ ಸೇರಿಸಿ ಹೇಳಿದ ಸಂಖ್ಯೆಗಳಿವು. ಮಳೆಕಾಡಿನ ಸವಾರಿಗೆ ಮೇಲಿನ ತುದಿಯನ್ನೇ ಹಿಡಿಯಿರಿ, ಅದನ್ನು ದಾಟಿದರೂ ಯೂಟ್ಯೂಬ್ ಬೇಡವೆನ್ನದು.

ಆದರೆ ಊರಿನ ನೆಟ್‌ವರ್ಕ್ ನೋಡಿಕೊಳ್ಳಬೇಕಲ್ಲ. ಐದು ನಿಮಿಷಕ್ಕೆ 60 ಎಂಬಿಪಿಎಸ್ ಎಂದರೆ ಎರಡೂಕಾಲು ಜಿಬಿ. ದಿನಕ್ಕೆ ಎರಡು ಜಿಬಿಯ ಪ್ಯಾಕ್ ಹಾಕಿಸಿಕೊಂಡವರು ದಾರಿ ಮುಗಿಯುವ ಮುನ್ನವೇ ನಿಲ್ಲುತ್ತಾರೆ. ನಾನಾದರೆ 1440ಪಿಗೆ ಇಳಿಸಿ 24ರಿಂದ 30 ಎಂಬಿಪಿಎಸ್ ಕೊಡುತ್ತೇನೆ. ಒಂದು ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. 1080ಪಿಗೆ ಮಾತ್ರ ಇಳಿಯಬೇಡಿ. ಸಣ್ಣ ಚಾನೆಲ್‌ಗಳ 1080ಪಿ ವಿಡಿಯೊಗೆ ಯೂಟ್ಯೂಬ್ ಸಾಮಾನ್ಯವಾಗಿ ಹಳೆಯ ಎಚ್.264 ಕೊಡುತ್ತದೆ, 1440ಪಿ ಮತ್ತು ಅದರ ಮೇಲಿನವಕ್ಕೆ ವಿಪಿ9. ನೋಡುವವರ ಮೊಬೈಲ್ ಪರದೆ ಸಣ್ಣದಾದರೂ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಯಾವ ಕೋಡೆಕ್ ಸಿಕ್ಕಿದೆಯೆಂದು ಗೊತ್ತಾಗುತ್ತದೆ. ಅಪ್‌ಲೋಡ್ ಆದ ತಕ್ಷಣ ನೋಡಿ ಎದೆ ಒಡೆದುಕೊಳ್ಳುವುದೂ ಬೇಡ. ಮೊದಲು ತಯಾರಾಗುವುದು ಕಡಿಮೆ ಗುಣಮಟ್ಟದ ಪ್ರತಿ, ದೊಡ್ಡವು ಆಮೇಲೆ ಬರುತ್ತವೆ.

ಇನ್ನೊಂದು ಮಾತು, ಇದು ನನ್ನ ಅಭಿರುಚಿಯೆಂದೇ ತಿಳಿಯಿರಿ. ಘಾಟಿ ಸವಾರಿಗೆ 60 ಫ್ರೇಮ್ ಬೇಕೇ? ನಿಧಾನಗತಿಯಲ್ಲಿ ತೋರಿಸುವ ಇರಾದೆ ಇಲ್ಲದಿದ್ದರೆ 30 ಸಾಕು. ಇರುವ ಬಿಟ್‌ಗಳನ್ನು ಅರ್ಧದಷ್ಟು ಫ್ರೇಮುಗಳು ಹಂಚಿಕೊಳ್ಳುತ್ತವೆ, ಎಲೆಗಳು ತಾವಾಗಿ ಹಿಂದಿರುಗುತ್ತವೆ.

ಪ್ರಶ್ನೆ: ನನ್ನ ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ ಬರೆಯುತ್ತದೆ. ಎಕ್ಸ್‌ಪೋರ್ಟಿನಲ್ಲಿ 200 ಕೊಟ್ಟರೆ ಇನ್ನೂ ಚೆನ್ನಾಗಿ ಬರುವುದೇ?
ದಾವಣಗೆರೆ

ಉತ್ತರ: ಇಲ್ಲ. ಫೈಲ್ ದಪ್ಪವಾಗುತ್ತದೆ, ಚಿತ್ರ ಅಷ್ಟೇ ಇರುತ್ತದೆ. ಕ್ಯಾಮೆರಾ ಎಚ್.265ರಲ್ಲಿ ಬರೆದು ನೀವು ಎಚ್.264ರಲ್ಲಿ ಹೊರತೆಗೆಯುವುದಾದರೆ ಸ್ವಲ್ಪ ಜಾಸ್ತಿ ಕೊಡುವುದರಲ್ಲಿ ಅರ್ಥವಿದೆ, ಯಾಕೆಂದರೆ 2003ರ ಎಚ್.264ಕ್ಕೆ ಅದೇ ಚಿತ್ರವನ್ನು ಹಿಡಿದಿಡಲು 2013ರ ಎಚ್.265ಗಿಂತ ಹೆಚ್ಚು ಬಿಟ್ ಬೇಕು.

ಪ್ರಶ್ನೆ: ಸರ್, ನಮ್ಮಲ್ಲಿ ಕಂಬಳದ ಸಮಯದಲ್ಲಿ ಕರೆಯ (ಕೋಣಗಳು ಓಡುವ ಗದ್ದೆಯ) ಪಕ್ಕ ಕ್ಯಾಮೆರಾ ಕಟ್ಟಿ ವಿಡಿಯೊ ಮಾಡುತ್ತೇವೆ. ಮೊಬೈಲ್‌ನಲ್ಲೇ ಎಡಿಟ್. ಒಂದು ಆ್ಯಪ್‌ನಲ್ಲಿ ಕಟ್ ಮಾಡಿ ಸೇವ್ ಮಾಡುತ್ತೇನೆ, ಇನ್ನೊಂದರಲ್ಲಿ ಹಾಡು ಸೇರಿಸುತ್ತೇನೆ, ಕೋಣಗಳ ಯಜಮಾನರ ಹೆಸರು ಹಾಕಲು ಮತ್ತೊಂದು, ಕೊನೆಗೆ ವಾಟ್ಸ್‌ಆ್ಯಪ್ ಗ್ರೂಪಿಗೆ. ಕನೆಹಲಗೆ ಓಟದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಗೆ ಹಾರುವುದೇ ನೋಡಬೇಕಾದ್ದು, ಅದೇ ಚೌಕ ಚೌಕವಾಗಿ ಕಾಣುತ್ತದೆ. ರಾತ್ರಿಯ ಓಟ ನಿಧಾನಗತಿಗೆ ಹಾಕಿದರೆ ಬೆಳಕು ಮಿಣಮಿಣ ಅನ್ನುತ್ತದೆ.
ಮೂಡುಬಿದಿರೆ

ಉತ್ತರ: ಜೆರಾಕ್ಸ್‌ನ ಜೆರಾಕ್ಸ್ ತೆಗೆದರೆ ಅಕ್ಷರ ಏನಾಗುತ್ತದೋ ನಿಮ್ಮ ನೀರಿಗೂ ಅದೇ ಆಗಿದೆ. ಲೆಕ್ಕ ಹಾಕಿ: ಕ್ಯಾಮೆರಾ ಕುಗ್ಗಿಸಿದ್ದು ಒಂದು ಸಲ, ಮೊದಲ ಆ್ಯಪ್ ಎರಡನೆಯ ಸಲ, ಹಾಡಿನದು ಮೂರು, ಹೆಸರಿನದು ನಾಲ್ಕು, ವಾಟ್ಸ್‌ಆ್ಯಪ್ ಐದು. ಪ್ರತಿ ಸಲ 'ಸೇವ್' ಒತ್ತಿದಾಗಲೂ ಆ್ಯಪ್ ಇಡೀ ವಿಡಿಯೊವನ್ನು ಬಿಚ್ಚಿ ಮತ್ತೆ ಕುಗ್ಗಿಸಿ ಬರೆಯುತ್ತದೆ. ಹಾಡನ್ನಷ್ಟೇ ಸೇರಿಸಿದೆವು, ಚಿತ್ರ ಮುಟ್ಟಲಿಲ್ಲ ಎಂದು ನಾವು ಅಂದುಕೊಂಡರೂ ಅಷ್ಟೇ. ಅದರಲ್ಲೂ ಚಿಮ್ಮುವ ನೀರು ಕೋಡೆಕ್‌ಗೆ ಹೇಳಿ ಮಾಡಿಸಿದ ಶತ್ರು. ಒಂದೊಂದು ಹನಿಯೂ ಒಂದೊಂದು ದಿಕ್ಕಿಗೆ, ಮುಂದಿನ ಫ್ರೇಮಿನಲ್ಲಿ ಅದು ಎಲ್ಲಿರುತ್ತದೆಂದು ಊಹಿಸುವಂತಿಲ್ಲ. ಎಚ್.264 ಚಿತ್ರವನ್ನು 16 ಪಿಕ್ಸೆಲ್ ಅಗಲದ ಚೌಕಗಳಾಗಿ ವಿಂಗಡಿಸಿ ಕೆಲಸ ಮಾಡುತ್ತದೆ. ಬಿಟ್ ಮುಗಿದಾಗ ಹನಿಗಳು ಹೋಗಿ ಚೌಕಗಳು ಎದ್ದು ಕಾಣುತ್ತವೆ.

ಹಾಗಾಗಿ ಕಟ್, ಹಾಡು, ಹೆಸರು ಮೂರನ್ನೂ ಒಂದೇ ಆ್ಯಪ್‌ನಲ್ಲಿ, ಒಂದೇ ಟೈಮ್‌ಲೈನ್‌ನಲ್ಲಿ ಮುಗಿಸಿ. ವಿಎನ್, ಕೈನ್‌ಮಾಸ್ಟರ್, ಇನ್‌ಶಾಟ್, ನಿಮಗೆ ಕೈ ಹಿಡಿದದ್ದು ಯಾವುದಾದರೂ ಆದೀತು. ಅದರ ಎಕ್ಸ್‌ಪೋರ್ಟ್ ಪರದೆಯಲ್ಲಿ ಬಿಟ್‌ರೇಟ್ ಅಥವಾ ಗುಣಮಟ್ಟದ ಪಟ್ಟಿ ಇರುತ್ತದೆ, ಅದನ್ನು ಮೇಲಕ್ಕೆ ತಳ್ಳಿ ಒಂದೇ ಸಲ ಹೊರತೆಗೆಯಿರಿ. ಈ ಒಂದು ಬದಲಾವಣೆಯಿಂದ ಆಗುವಷ್ಟು ಸುಧಾರಣೆ ಹೊಸ ಕ್ಯಾಮೆರಾ ಕೊಂಡರೂ ಆಗುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸದೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ. ಎರಡು ಜಿಬಿಯವರೆಗಿನ ಫೈಲ್ ಇದ್ದ ಹಾಗೇ ತಲುಪುತ್ತದೆ. ಹಾಗೆ ಕಳಿಸಿದ್ದನ್ನು ಗ್ರೂಪಿನ ಹಿರಿಯರು ಡೌನ್‌ಲೋಡ್ ಮಾಡದೆ ಬಿಟ್ಟುಬಿಡುವುದೂ ಉಂಟು. ಅವರಿಗಾಗಿ ಎಚ್‌ಡಿ ಆಯ್ಕೆ ಒತ್ತಿದ ಒಂದು ಸಣ್ಣ ತುಣುಕು ಹಾಕಿ, ಪೂರ್ತಿ ಓಟವನ್ನು ಯಜಮಾನರಿಗೆ ಡಾಕ್ಯುಮೆಂಟ್ ಆಗಿ ಕೊಡಿ.

ರಾತ್ರಿಯ ಮಿಣಮಿಣ ಎಕ್ಸ್‌ಪೋರ್ಟಿನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು, ಫ್ಲಡ್‌ಲೈಟು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ನೀವು 120 ಫ್ರೇಮ್ ಇಟ್ಟರೆ ಒಂದು ಫ್ರೇಮಿಗೆ ಬೆಳಕಿನ ಏರು, ಇನ್ನೊಂದಕ್ಕೆ ಇಳಿತ ಸಿಗುತ್ತದೆ. ಕ್ಯಾಮೆರಾ ಮೆನುವಿನಲ್ಲಿ 'ಆ್ಯಂಟಿ ಫ್ಲಿಕರ್' ಎಂಬಲ್ಲಿ 50 ಹರ್ಟ್ಸ್ ಆರಿಸಿ. ಆಗ 120ರ ಜಾಗದಲ್ಲಿ 100 ಫ್ರೇಮ್ ಬರುತ್ತದೆ, ಒಂದು ಏರಿಳಿತಕ್ಕೆ ಒಂದು ಫ್ರೇಮ್. ಅದನ್ನು 25 ಫ್ರೇಮಿನ ಟೈಮ್‌ಲೈನ್‌ಗೆ ಹಾಕಿದರೆ ನಾಲ್ಕು ಪಟ್ಟು ನಿಧಾನ, ಒಂದೂ ಫ್ರೇಮ್ ತಪ್ಪದೆ. ಷಟರ್ ಮಾತ್ರ ನೂರನೇ ಒಂದು ಸೆಕೆಂಡಿಗಿಂತ ಚುರುಕಾಗದಂತೆ ನೋಡಿಕೊಳ್ಳಿ. ಹಗಲಿನ ಕನೆಹಲಗೆಗೆ ಈ ರಗಳೆ ಇಲ್ಲ. ಬಿಸಿಲಿನಲ್ಲಿ ಎಷ್ಟು ಫ್ರೇಮಾದರೂ ಇಡಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ದಸರೆಗೆ ಮೈಸೂರಿಗೆ ಬಂದಾಗ ತೆಗೆದ ವಿಡಿಯೊಗಳಲ್ಲಿ ರಸ್ತೆಯ ಎಲ್‌ಇಡಿ ಅಲಂಕಾರದ ಮೇಲೆ ಕಪ್ಪು ಪಟ್ಟೆಗಳು ಉರುಳುತ್ತವೆ. ಇಲ್ಲಿ ಮನೆಯಲ್ಲಿ ಇದೇ ಕ್ಯಾಮೆರಾ ಸರಿಯಾಗಿದೆ. ಎಕ್ಸ್‌ಪೋರ್ಟಿನಲ್ಲಿ ಯಾವ ಸೆಟ್ಟಿಂಗ್ ಬದಲಿಸಲಿ?

ಉತ್ತರ: ಮೇಲಿನ ಉತ್ತರದ ಕೊನೆಯ ಭಾಗ ನಿಮಗೂ ಸಲ್ಲುತ್ತದೆ. ಅಮೆರಿಕದ ಕರೆಂಟು 60 ಹರ್ಟ್ಸ್, ನಿಮ್ಮ ಕ್ಯಾಮೆರಾವನ್ನು ಅದಕ್ಕೇ ಹೊಂದಿಸಿಟ್ಟಿದ್ದೀರಿ. ತಂತಿ ಕಾದು ಉರಿಯುವ ಹಳೆಯ ಬಲ್ಬಾದರೆ ಕರೆಂಟು ಇಳಿದ ಕ್ಷಣದಲ್ಲೂ ತಂತಿಯ ಕಾವು ಆರುವುದಿಲ್ಲ, ಹಾಗಾಗಿ ಮಿನುಗು ಅಷ್ಟಾಗಿ ತಿಳಿಯದು. ಅಗ್ಗದ ಎಲ್‌ಇಡಿ ಸರಕ್ಕೆ ಆ ದಾಕ್ಷಿಣ್ಯವಿಲ್ಲ, ಕರೆಂಟಿನ ಜೊತೆಗೇ ಆರಿ ಹತ್ತುತ್ತದೆ.

ಎಕ್ಸ್‌ಪೋರ್ಟಿನಲ್ಲಿ ಇದಕ್ಕೆ ಸೆಟ್ಟಿಂಗ್ ಇಲ್ಲ. ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ 'ಡಿಫ್ಲಿಕರ್' ಎಂಬ ಉಪಕರಣವಿದೆ; ಇಡೀ ಚಿತ್ರ ಮಿನುಗುತ್ತಿದ್ದರೆ ಚೆನ್ನಾಗಿ ಸರಿಪಡಿಸುತ್ತದೆ, ಉರುಳುವ ಪಟ್ಟೆಗೆ ಅರೆಬರೆ. ಮುಂದಿನ ಸಲ ವಿಮಾನ ಇಳಿದ ಮೇಲೆ ಕೈಗಡಿಯಾರದ ಸಮಯ ಬದಲಿಸುವಾಗ ಕ್ಯಾಮೆರಾವನ್ನೂ 50ಕ್ಕೆ ತಿರುಗಿಸಿಬಿಡಿ. ಆಮೇಲೆ 25 ಅಥವಾ 50 ಫ್ರೇಮಿನ ಟೈಮ್‌ಲೈನ್‌ನಲ್ಲೇ ಎಡಿಟ್ ಮಾಡಿ ಹಾಗೇ ಹೊರತೆಗೆಯಿರಿ. ಅಮೆರಿಕದಲ್ಲಿ ನೋಡುತ್ತಾರೆಂದು 30ಕ್ಕೆ ಬದಲಿಸಿದರೆ ಇಲ್ಲದ ಫ್ರೇಮುಗಳನ್ನು ಸಾಫ್ಟ್‌ವೇರ್ ಹುಟ್ಟಿಸಬೇಕಾಗಿ ಜಂಬೂಸವಾರಿಯ ಆನೆ ತಡವರಿಸುತ್ತಾ ನಡೆಯುತ್ತದೆ.

ಪ್ರಶ್ನೆ: ಕ್ಯಾಮೆರಾದ ಎಂಪಿ4 ಫೈಲ್ ನನ್ನ ಹಳೇ ಲ್ಯಾಪ್‌ಟಾಪ್‌ನಾಗ ಓಡಂಗಿಲ್ಲ, ತಡೆತಡೆದು ನಿಂದರತದ. ಗೆಳೆಯನೊಬ್ಬ ಕಾರ್ಡಿನಾಗಿನ ಎಲ್‌ಆರ್‌ವಿ ಅನ್ನೋ ಫೈಲಿನ ಹೆಸರು ಬದಲಿಸಿ ಎಂಪಿ4 ಮಾಡಿ ಕೊಟ್ಟ. ಬೆಣ್ಣಿ ಹಂಗ ಓಡತದ. ಆದ್ರ 4ಕೆ ಎಕ್ಸ್‌ಪೋರ್ಟ್ ಕೊಟ್ಟರೂ ಮಬ್ಬು ಮಬ್ಬು. ಯಾಕ್ರಿ?
ಹುಬ್ಬಳ್ಳಿ

ಉತ್ತರ: ನಿಮ್ಮ ಗೆಳೆಯ ಜಾಣ, ಆದರೆ ಅರ್ಧ ದಾರಿಗೆ ಬಿಟ್ಟುಹೋಗಿದ್ದಾನೆ. ಎಲ್‌ಆರ್‌ವಿ ಎನ್ನುವುದು ಗೋಪ್ರೊ ತನ್ನ ಮೊಬೈಲ್ ಆ್ಯಪ್‌ನಲ್ಲಿ ತೋರಿಸಲು ಅಸಲಿನ ಜೊತೆಗೇ ಬರೆಯುವ ಕಡಿಮೆ ಅಳತೆಯ ಪ್ರತಿ. ಡಿಜೆಐ ಕ್ಯಾಮೆರಾಗಳಲ್ಲಿ ಇದೇ ಕೆಲಸಕ್ಕೆ ಎಲ್‌ಆರ್‌ಎಫ್ ಇರುತ್ತದೆ. ಅದನ್ನು 4ಕೆಗೆ ಹಿಗ್ಗಿಸಿದರೆ ಮಬ್ಬನ್ನೇ ಹಿಗ್ಗಿಸಿದಂತೆ.

ಆದರೆ ಎಡಿಟ್ ಮಾಡುವಾಗ ಹಗುರ ಪ್ರತಿ ಇಟ್ಟುಕೊಂಡು, ಎಕ್ಸ್‌ಪೋರ್ಟ್ ಮಾಡುವಾಗ ಅಸಲು ಫೈಲಿಗೆ ಜೋಡಿಸುವುದು ವೃತ್ತಿಯವರೂ ಮಾಡುವ ಕ್ರಮ, 'ಪ್ರಾಕ್ಸಿ' ಎನ್ನುತ್ತಾರೆ. ಪ್ರೀಮಿಯರ್, ರಿಸಾಲ್ವ್, ಕೆಡೆನ್‌ಲೈವ್, ಶಾಟ್‌ಕಟ್ ಎಲ್ಲದರಲ್ಲೂ ಇದೆ, ಸಾಫ್ಟ್‌ವೇರ್ ತಾನೇ ಪ್ರಾಕ್ಸಿ ತಯಾರಿಸಿಕೊಳ್ಳುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧ. ರಿಸಾಲ್ವ್ ಬಳಸುವವರು ಎಕ್ಸ್‌ಪೋರ್ಟ್ ಪುಟದಲ್ಲಿ ಪ್ರಾಕ್ಸಿ ಬಳಸುವ ಗುರುತು ಬಿದ್ದಿಲ್ಲವೆಂದು ನೋಡಿಕೊಳ್ಳಬೇಕು, ಬಿದ್ದಿದ್ದರೆ ಮತ್ತೆ ಮಬ್ಬೇ.

ಅಸಲು ಫೈಲ್ ತಡೆಯುವುದು ಯಾಕೆಂದರೆ ಅದು ಎಚ್.265. ಗೋಪ್ರೊ ಫೈಲಿನ ಹೆಸರು ಜಿಎಕ್ಸ್ ಎಂದು ಶುರುವಾದರೆ ಎಚ್.265, ಜಿಎಚ್ ಎಂದಾದರೆ ಎಚ್.264. ಇಂಟೆಲ್‌ನ ಆರನೇ ತಲೆಮಾರಿಗಿಂತ ಹಳೆಯ ಲ್ಯಾಪ್‌ಟಾಪುಗಳಲ್ಲಿ ಎಚ್.265 ಬಿಚ್ಚಲು ಪೂರ್ತಿ ಯಂತ್ರಾಂಶ ಇಲ್ಲ, 10 ಬಿಟ್‌ನದಾದರೆ ಏಳನೆಯದಾದರೂ ಬೇಕು.

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿದ ವಿಡಿಯೊ. ಎಲ್ಲ ನೀಲಿ. ಬಣ್ಣ ತಿದ್ದಿದರೆ ಕಾಳು ಕಾಳಾಗುತ್ತದೆ. ಎಕ್ಸ್‌ಪೋರ್ಟ್ ಮಾಡಿದರೆ ಹಿನ್ನೆಲೆಯ ನೀಲಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ.
ಹೊನ್ನಾವರ

ಉತ್ತರ: ಮೂರು ತೊಂದರೆಗಳು ಒಂದರ ಬಾಲ ಇನ್ನೊಂದು ಹಿಡಿದು ಬಂದಿವೆ. ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಮನೆಗೆ ಬಂದು ಕೆಂಪನ್ನು ಎತ್ತಿದಾಗ ನೀವು ಎತ್ತುತ್ತಿರುವುದು ಕೆಂಪಿನ ಚೂರುಪಾರನ್ನು ಮತ್ತು ಅದರ ಜೊತೆಗಿದ್ದ ನಾಯ್ಸನ್ನು. ಆ ಕಾಳುಗಳು ಪ್ರತಿ ಫ್ರೇಮಿನಲ್ಲಿ ಜಾಗ ಬದಲಿಸುವುದರಿಂದ ಕೋಡೆಕ್ ಅವನ್ನೂ ಚಲನೆಯೆಂದೇ ಎಣಿಸಿ, ಮೀನಿಗೂ ಹವಳಕ್ಕೂ ಹೋಗಬೇಕಿದ್ದ ಬಿಟ್‌ಗಳನ್ನು ಅವಕ್ಕೆ ಕೊಟ್ಟುಬಿಡುತ್ತದೆ. ಆದ್ದರಿಂದ ಮೊದಲು ಡಿನಾಯ್ಸ್, ಆಮೇಲೆ ಬಣ್ಣ, ಕೊನೆಗೆ ಎಕ್ಸ್‌ಪೋರ್ಟ್.

ಪಟ್ಟೆಯ ಕಥೆ ಬೇರೆ. 8 ಬಿಟ್ ವಿಡಿಯೊದಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. ತಿಳಿನೀಲಿಯಿಂದ ಕಡುನೀಲಿಗೆ ಸಾಗುವ ಇಡೀ ಸಮುದ್ರಕ್ಕೆ ಅದರಲ್ಲಿ ಸಿಗುವುದು ಕೆಲವೇ ಮೆಟ್ಟಿಲು. ನೀವು ಬಣ್ಣ ಎಳೆದಾಡಿದಾಗ ಅವುಗಳ ನಡುವೆ ಬಿರುಕು ಬಿಡುತ್ತದೆ. 10 ಬಿಟ್‌ನಲ್ಲಿ 1,024 ಮೆಟ್ಟಿಲು. ಗೋಪ್ರೊ ಹೀರೊ 11, 12, ಡಿಜೆಐ ಆಸ್ಮೊ ಆ್ಯಕ್ಷನ್ 4 ಇಂಥವುಗಳಲ್ಲಿ 10 ಬಿಟ್ ಇದೆ, ಮೆನುವಿನಲ್ಲಿ ಆರಿಸಿಕೊಳ್ಳಬೇಕು. ಎಕ್ಸ್‌ಪೋರ್ಟನ್ನೂ ಎಚ್.265 10 ಬಿಟ್‌ನಲ್ಲೇ ಮಾಡಿ, ಇಲ್ಲವಾದರೆ ಮಾಡಿದ್ದು ನೀರಿನಲ್ಲಿ ಹೋಮ. 8 ಬಿಟ್ ಮಾತ್ರ ಇದ್ದರೆ ಡಿನಾಯ್ಸ್ ಆದ ಮೇಲೆ ಕಂಡೂ ಕಾಣದಷ್ಟು ಫಿಲ್ಮ್ ಗ್ರೇನ್ ಸೇರಿಸಿ. ಆಗಷ್ಟೇ ಕಾಳು ತೆಗೆಸಿ ಮತ್ತೆ ಕಾಳು ಹಾಕಿ ಎನ್ನುವುದು ವಿಚಿತ್ರವಾಗಿ ಕೇಳಿಸಬಹುದು. ಇದು ಸಮನಾದ, ಸಣ್ಣ ಕಾಳು. ಮೆಟ್ಟಿಲಿನ ಅಂಚನ್ನು ಮರೆಸುತ್ತದೆ. ಅದಕ್ಕೂ ಬಿಟ್ ಬೇಕಾದ್ದರಿಂದ ಬಿಟ್‌ರೇಟನ್ನು ಸ್ವಲ್ಪ ಏರಿಸಿ.

ಮುಂದಿನ ಸಲ ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಹಾಕಿ ಇಳಿದರೆ ಈ ಸರ್ಕಸ್ಸಿನಲ್ಲಿ ಅರ್ಧ ಉಳಿಯುತ್ತದೆ. ತೀರ ಮೇಲೆ, ಬಿಸಿಲು ಬೀಳುವ ಕಡೆ ಅದನ್ನು ತೆಗೆದುಬಿಡಿ, ಎಲ್ಲರ ಮುಖವೂ ಕೆಂಪಾದೀತು.

ಪ್ರಶ್ನೆ: ಬುಲೆಟ್ ಹ್ಯಾಂಡಲ್‌ಗೆ ಕ್ಯಾಮೆರಾ ಕಟ್ಟಿ ರಾತ್ರಿ ಬೆಂಗಳೂರು ಸುತ್ತಿದೆ. ಸ್ಟೆಬಿಲೈಸೇಷನ್ ಗರಿಷ್ಠ ಇಟ್ಟರೂ ಬೀದಿದೀಪಗಳು ನಡುಗುತ್ತವೆ, ಚಿತ್ರ ಜೆಲ್ಲಿಯಂತೆ ಅಲುಗುತ್ತದೆ. ಹೆಚ್ಚಿನ ಬಿಟ್‌ರೇಟಿನಲ್ಲೂ ಹೋಗಲಿಲ್ಲ.
ರಾಜಾಜಿನಗರ

ಉತ್ತರ: ಹೋಗುವುದೂ ಇಲ್ಲ. ಕತ್ತಲಲ್ಲಿ ಕ್ಯಾಮೆರಾ ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ದೀಪಗಳು ಗೀರಾಗುತ್ತವೆ. ಸ್ಟೆಬಿಲೈಸೇಷನ್ ಫ್ರೇಮನ್ನು ನೇರ ಮಾಡಬಲ್ಲದು, ಆ ಗೀರನ್ನು ಅಳಿಸಲಾರದು; ನೇರ ನಿಂತ ಫ್ರೇಮಿನಲ್ಲಿ ಗೀರು ಮಾತ್ರ ಕುಣಿಯುತ್ತದೆ. ಜೆಲ್ಲಿಯದು ಇಂಜಿನ್ನಿನ ಕಂಪನ: ಸೆನ್ಸರ್ ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ, ಓದಿ ಮುಗಿಯುವುದರೊಳಗೆ ಹ್ಯಾಂಡಲ್ ಅಲುಗಿರುತ್ತದೆ. ಕ್ಯಾಮೆರಾವನ್ನು ಹೆಲ್ಮೆಟ್ಟಿನ ಗದ್ದದ ಭಾಗಕ್ಕೆ ಬದಲಾಯಿಸಿ. ನಿಮ್ಮ ಕುತ್ತಿಗೆಗಿಂತ ಒಳ್ಳೆಯ ಷಾಕ್ ಅಬ್ಸಾರ್ಬರ್ ಅಂಗಡಿಯಲ್ಲಿ ಸಿಗದು. ರಾತ್ರಿಯಲ್ಲಿ ಸ್ಟೆಬಿಲೈಸೇಷನ್ ಒಂದು ಹಂತ ಇಳಿಸಿ, 25 ಅಥವಾ 30 ಫ್ರೇಮ್ ಇಡಿ, ಐಎಸ್‌ಒ ಮಿತಿ 1600 ದಾಟದಿರಲಿ.

ಪ್ರಶ್ನೆ: ಗೆಳೆಯರ ಮಾತು ಕೇಳಿ ಲಾಗ್ ಮೋಡಿನಲ್ಲಿ ತೆಗೆದೆ. ಎಕ್ಸ್‌ಪೋರ್ಟ್ ಮಾಡಿದ್ದೆಲ್ಲ ಬೂದಿ ಬಣ್ಣ.
ಹಾಸನ

ಉತ್ತರ: ಲಾಗ್ ಎಂದರೆ ಬಣ್ಣ ಹಾಕದೆ ಬಿಟ್ಟ ಚಿತ್ರ, ಎಡಿಟ್ ಮಾಡುವವರು ಹಾಕಿಕೊಳ್ಳಲೆಂದು. ನಿಮ್ಮ ಕ್ಯಾಮೆರಾ ಕಂಪನಿ ಆ ಲಾಗ್‌ಗೆ ಸರಿಹೊಂದುವ, ಬಣ್ಣ ಮರಳಿಸುವ ಲಟ್ ಫೈಲನ್ನು ಪುಕ್ಕಟೆ ಕೊಡುತ್ತದೆ. ಕ್ಲಿಪ್ ಮೇಲೆ ಹಾಕಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಬಣ್ಣ ತಿದ್ದುವ ಆಸಕ್ತಿ ಇಲ್ಲದವರಿಗೆ ಸಾಮಾನ್ಯ ಮೋಡೇ ಲೇಸು. ಲಾಗ್ ಇಡದವರು ಕಲಿಯದವರು ಎಂಬ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ಯಾವ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋರ್ಟ್ ಅತ್ಯುತ್ತಮ? ದುಡ್ಡು ಕೊಡಲು ಆಗದು.
ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಕೊಡಬೇಕಾಗಿಯೂ ಇಲ್ಲ. ರಿಸಾಲ್ವ್‌ನ ಉಚಿತ ಆವೃತ್ತಿ 3840 ಗುಣಿಸು 2160ರವರೆಗೆ, 60 ಫ್ರೇಮಿನವರೆಗೆ ಹೊರತೆಗೆಯುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್ ಪೂರ್ತಿ ಉಚಿತ, ಮುಕ್ತ. ಎರಡರ ಒಳಗೂ ಎಚ್.264 ಬರೆಯುವುದು ಎಕ್ಸ್264 ಎಂಬ ಒಂದೇ ಎನ್‌ಕೋಡರ್, ಹಾಗಾಗಿ ಒಂದರಲ್ಲಿ ಚೆನ್ನ ಇನ್ನೊಂದರಲ್ಲಿ ಕೆಟ್ಟದ್ದು ಎಂಬ ವಾದಗಳೆಲ್ಲ ಸೆಟ್ಟಿಂಗಿನ ವಾದಗಳೇ.

ನೋಡಬೇಕಾದ್ದು ಬೇರೆ ಇದೆ. ಗ್ರಾಫಿಕ್ಸ್ ಚಿಪ್‌ನ ಎನ್‌ಕೋಡರ್ ಬೇಗ ಮುಗಿಸುತ್ತದೆ. ಪ್ರೊಸೆಸರ್ ಮೇಲೆ ಎಕ್ಸ್264 ಅಥವಾ ಎಕ್ಸ್265 'ಸ್ಲೋ' ಇಟ್ಟು ಓಡಿಸಿದರೆ ಅದೇ ಬಿಟ್‌ರೇಟಿನಲ್ಲಿ ಹೆಚ್ಚು ವಿವರ ಉಳಿಯುತ್ತದೆ. ಬಿಟ್‌ರೇಟ್ ಧಾರಾಳವಾಗಿದ್ದರೆ ಎರಡಕ್ಕೂ ವ್ಯತ್ಯಾಸ ಕಾಣದು. ಫೈಲ್ ಸಣ್ಣದಿರಲೇಬೇಕೆಂದಾಗ ನಿಧಾನದ ದಾರಿ ಹಿಡಿಯಿರಿ. ಹ್ಯಾಂಡ್‌ಬ್ರೇಕ್‌ನಲ್ಲಿ ಬಿಟ್‌ರೇಟ್ ಬದಲು ಆರ್‌ಎಫ್ ಎಂಬ ಗುಣಮಟ್ಟದ ಸಂಖ್ಯೆ ಕೊಡಬಹುದು, ಸಂಖ್ಯೆ ಇಳಿದಷ್ಟೂ ಚಿತ್ರ ಉತ್ತಮ. ಆ್ಯಕ್ಷನ್ ವಿಡಿಯೊಗೆ 1080ಪಿಯಲ್ಲಿ 20ರ ಸುತ್ತಮುತ್ತ ಇಡಿ. ಶಾಂತ ದೃಶ್ಯಕ್ಕೆ ಕಡಿಮೆ, ಗಲಾಟೆಯ ದೃಶ್ಯಕ್ಕೆ ಹೆಚ್ಚು ಬಿಟ್ ಅದೇ ಹಂಚಿಕೊಳ್ಳುತ್ತದೆ. ಕೊನೆಯ ಫೈಲ್ ಎಷ್ಟು ದೊಡ್ಡದಾದೀತೆಂದು ಮೊದಲೇ ತಿಳಿಯದು ಎಂಬುದೊಂದೇ ತೊಡಕು.

ಪ್ರಶ್ನೆ: ಎಕ್ಸ್‌ಪೋರ್ಟ್ ಆದ ಮೇಲೆ ಮೂಲ ಫೈಲ್‌ಗಳನ್ನು ಅಳಿಸಬಹುದೇ? ಹಾರ್ಡ್‌ಡಿಸ್ಕ್ ತುಂಬಿದೆ.
ಚಿಕ್ಕಮಗಳೂರು

ಉತ್ತರ: 100 ಎಂಬಿಪಿಎಸ್ ಎಂದರೆ ಗಂಟೆಗೆ 45 ಜಿಬಿ. ಒಂದು ಟಿಬಿ ಡಿಸ್ಕಿಗೆ 22 ಗಂಟೆ ಹಿಡಿದರೆ ಹೆಚ್ಚು. ಎಲ್ಲವನ್ನೂ ಇಟ್ಟುಕೊಳ್ಳುವುದು ಯಾರಿಂದಲೂ ಆಗದು. ಆದರೂ ಯೂಟ್ಯೂಬಿನಲ್ಲಿ ಇದೆಯಲ್ಲ ಎಂದು ಅಳಿಸಬೇಡಿ. ಅಲ್ಲಿಂದ ವಾಪಸು ಇಳಿಸಿಕೊಂಡದ್ದು ಕುಗ್ಗಿಸಿ ಕುಗ್ಗಿಸಿ ಸವೆದ ಪ್ರತಿ.

ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಇದು ವಿಡಿಯೊವನ್ನು ಮತ್ತೆ ಕುಗ್ಗಿಸದೆ ಬೇಕಾದ ತುಂಡನ್ನಷ್ಟೇ ಕತ್ತರಿಸಿ ಕೊಡುತ್ತದೆ, ಹಾಗಾಗಿ ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಪೂರ್ತಿ ಬರೆದ ಫ್ರೇಮ್ ಇರುವ ಕಡೆ ಮಾತ್ರ ಕತ್ತರಿಸಬಲ್ಲದು, ಆದ್ದರಿಂದ ಹಿಂದೆ ಮುಂದೆ ಒಂದೆರಡು ಸೆಕೆಂಡ್ ಬಿಡುವು ಇಟ್ಟು ಗುರುತು ಹಾಕಿ. ಪೆಟ್ರೋಲ್ ಬಂಕಿನ ಸಾಲು, ಟೋಲ್‌ಗೇಟ್, ಕ್ಯಾಮೆರಾ ಆಫ್ ಮಾಡಲು ಮರೆತು ಬ್ಯಾಗಿನೊಳಗೆ ಓಡಿದ ಕತ್ತಲು ಇವೆಲ್ಲ ಹೋದರೆ ಎಷ್ಟೋ ಜಾಗ ಖಾಲಿಯಾಗುತ್ತದೆ. ಒಂದೇ ರೆಕಾರ್ಡಿಂಗನ್ನು ಕ್ಯಾಮೆರಾ ಹಲವು ಭಾಗಗಳಾಗಿ ಬರೆದಿರುತ್ತದೆ. ಗೋಪ್ರೊದಲ್ಲಿ ಹೆಸರಿನ ಕೊನೆಯ ನಾಲ್ಕಂಕಿ ಒಂದೇ ಇದ್ದು ನಡುವಿನ 01, 02 ಬದಲಾಗುತ್ತವೆ. 01 ಇಟ್ಟು ಉಳಿದದ್ದನ್ನು ನಕಲೆಂದು ಅಳಿಸಿದವರ ಪತ್ರಗಳೂ ಬಂದಿವೆ. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ.